ಬೆಕ್ಕಿಗೆ ಮೊದಲೇ ಗೊತ್ತಿದ್ದ ಬಿಸಿ

ಶಿರಸಿ ಕಡೆಯ ಚಳಿ ಅಡಿಕೆ ಕೊಯ್ಲಿನ ಹೊತ್ತಿಗೆ ಒಮ್ಮೆ ಹಿಡಿಯಿತೆಂದರೆ ಬೆಳಗಿನ ಎಂಟರವರೆಗೂ ಬಿಡುವುದಿಲ್ಲ. ಆ ಹೊತ್ತಿನಲ್ಲಿ ನಮ್ಮ ಮನೆಯ ಬೆಕ್ಕು ಬಚ್ಚಲೊಲೆಯ ಬೂದಿಯನ್ನು ಬಿಟ್ಟು ಬೇರೆಲ್ಲೂ ಮಲಗಿದ್ದನ್ನು ನಾನು ಕಂಡವನಲ್ಲ. ಹೀಗಿರುವಾಗ ಕಳೆದ ವರ್ಷ ಅದು ಒಲೆಯನ್ನು ತೊರೆದು, ಜಗಲಿಯ ಮೀಟರ್ ಬೋರ್ಡಿನ ಕೆಳಗಿನ ಮುರುಕು ಕುರ್ಚಿಯಲ್ಲಿ, ಅಲ್ಲಿ ನಾನು ಇಟ್ಟಿದ್ದ ವಾಯರಿನ ಸುರುಳಿಯ ನಡುವೆ ಮೈಚೆಲ್ಲತೊಡಗಿದಾಗ, ಅದಕ್ಕೆ ವಯಸ್ಸಾಯಿತೆಂದು ಆಯಿ ಮರುಗಿದಳೇ ಹೊರತು ಕಾರಣವನ್ನು ಯಾರೂ ಹುಡುಕಲಿಲ್ಲ.

ಆ ಸುರುಳಿಯ ಹಿನ್ನೆಲೆಯನ್ನು ಹೇಳಬೇಕು. ತೋಟದ ಬಾವಿಗೆ ಒಂದು ಎಚ್‌ಪಿ ಮೋಟಾರು ಕೂರಿಸುವುದೆಂದು ತೀರ್ಮಾನಿಸಿ, ವಾಯರು ತರಲು ಪೇಟೆಗೆ ಹೋಗಿದ್ದೆ. ಎಷ್ಟು ಎಂಎಂ ಬೇಕೆಂದು ಅಂಗಡಿಯವನು ಕೇಳಿದಾಗ, ಕೊಟ್ಟಿಗೆಗೆ ಹಗ್ಗ ಕೊಳ್ಳುವವನಂತೆ ಎರಡು ಕೈಯಲ್ಲಿ ಹಿಡಿದು ಜಗ್ಗಿ ನೋಡಿ, ‘ಇದೇ ಗಟ್ಟಿಯಿದೆ’ ಎಂದು ಒಂದು ಎಂಎಂನ ಮೂರೆಳೆಯ ಕೇಬಲ್ಲನ್ನು ಆರಿಸಿದೆ. ಬಾವಿಗಿದ್ದ ದೂರ 65 ಮೀಟರು. ಇಡೀ ಸುರುಳಿಗೆ ದರ ಕಡಿಮೆಯೆಂದು 100 ಮೀಟರು ತಂದೆ. ಉಳಿದ 35 ಮೀಟರನ್ನು ಕತ್ತರಿಸಲು ಮನಸ್ಸಾಗಲಿಲ್ಲ. ಮುಂದೆ ಬೇಕಾದೀತೆಂಬ ಮಾತನ್ನು ನಂಬಿಯೇ ಹಳೆಯ ಡಬ್ಬಿಗಳಿಂದ ಅಟ್ಟ ತುಂಬಿಸಿಕೊಂಡ ಮನೆತನ ನಮ್ಮದು. ಹೆಚ್ಚುವರಿ ವಾಯರು ಅಚ್ಚುಕಟ್ಟಾಗಿ ಸುತ್ತಿಸಿಕೊಂಡು ಕುರ್ಚಿಯನ್ನೇರಿತು.

ಮೋಟಾರು ಬೆಳಿಗ್ಗೆ ಓಡುತ್ತಿತ್ತು, ಸಂಜೆ ಓಡುತ್ತಿರಲಿಲ್ಲ. ಸಂಜೆ ಸ್ವಿಚ್ ಹಾಕಿದರೆ ಜೇನುಪೆಟ್ಟಿಗೆಯಂತೆ ಗುಂಯ್‌ಗುಟ್ಟಿ, ತುಸು ಹೊತ್ತಿನಲ್ಲಿ ಎಂಸಿಬಿ, ಅಂದರೆ ಕರೆಂಟು ಮಿತಿಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್, ಬೀಳುತ್ತಿತ್ತು. ನಾನು ಟೆಸ್ಟರ್ ಹಿಡಿದು ಬಾವಿಯ ಬಳಿಗೆ ಹೋಗಿ ನೋಡಿದೆ. ದೀಪ ಚೆನ್ನಾಗಿಯೇ ಹೊತ್ತಿತು. ವಾಯರು ನಿರಪರಾಧಿಯೆಂದು ಅಲ್ಲೇ ತೀರ್ಪು ಕೊಟ್ಟು, ಮೋಟಾರನ್ನು ಬಿಚ್ಚಿ ಗೋಣಿಚೀಲದಲ್ಲಿ ಸುತ್ತಿ ವೈಂಡಿಂಗ್ ಅಂಗಡಿಗೆ ಒಯ್ದೆ. ಮನೆಯಲ್ಲಿ ರಾತ್ರಿಯಿಡೀ ಕೆಮ್ಮಿದ ಮಗು ಡಾಕ್ಟರ ಮುಂದೆ ನಗುವಂತೆ ಅದು ಅಲ್ಲಿ ಕ್ಷಣದಲ್ಲಿ ತಿರುಗಿತು. ‘ಮೋಟ್ರಿಗೆ ಏನೂ ಆಗಿಲ್ಲ ಭಟ್ರೇ’ ಎಂದು ಅಂಗಡಿಯವನು ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಎರಡನೆಯ ಸಲವೂ ತೆಗೆದುಕೊಳ್ಳಲಿಲ್ಲ. ಮೂರನೆಯ ಸಲ ಮಾತ್ರ, ನನ್ನ ಸಮಾಧಾನಕ್ಕಿರಬೇಕು, ಕೆಪಾಸಿಟರ್ ಬದಲಿಸಿಕೊಟ್ಟ.

ಮೋಟಾರು ನಿರ್ದೋಷಿ, ವಾಯರು ನಿರಪರಾಧಿ ಎಂದ ಮೇಲೆ ತಪ್ಪು ಎಂಸಿಬಿಯದೇ ಆಗಿರಬೇಕೆಂದು ತರ್ಕಿಸಿ, 10 ಆಂಪಿಯರಿನದನ್ನು ತೆಗೆಸಿ 32 ಆಂಪಿಯರಿನದನ್ನು ಹಾಕಿಸಿದೆ. ಬೀಳುವುದು ನಿಂತಿತು. ಆ ಸಂಜೆ ಸ್ವಿಚ್ ಹಾಕಿ ಒಳಗೆ ಬಂದು ನೆಮ್ಮದಿಯಿಂದ ಕವಳ ಹಾಕಲು ಕುಳಿತೆ. ಸುಣ್ಣ ಹಚ್ಚುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಅದರ ಹಿಂದೆಯೇ ಬೆಕ್ಕು, ಬಾಲವನ್ನು ಪೊರಕೆಯಂತೆ ಉಬ್ಬಿಸಿಕೊಂಡು, ನನ್ನ ಹರಿವಾಣವನ್ನು ಹಾರಿ ಅಡುಗೆಮನೆಗೆ ಓಡಿತು. ಜಗಲಿಗೆ ಹೋಗಿ ನೋಡಿದರೆ ಸುರುಳಿಯ ಸುತ್ತುಗಳು ಒಂದಕ್ಕೊಂದು ಕರಗಿ ಅಂಟಿ, ಕುರ್ಚಿಯ ಹೆಣಿಗೆಯ ಸಂದಿನಿಂದ ಕಪ್ಪು ಪಿವಿಸಿ ಜೋನಿಬೆಲ್ಲದಂತೆ ಇಳಿಯುತ್ತಿತ್ತು.

ಮರುದಿನ ಬಂದ ಎಲೆಕ್ಟ್ರಿಷಿಯನ್ ದೂರದ ಸಂಬಂಧದ ಹುಡುಗ. ಬೋರ್ಡು ತೆರೆದವನು 32 ಎಂಬ ಅಂಕಿಯನ್ನು ನೋಡಿ, ನನ್ನನ್ನೂ ಒಮ್ಮೆ ನೋಡಿ, ‘ಮಾವ, ಎಂಸಿಬಿ ಇಪ್ಪದು ಮೋಟ್ರು ಕಾಯಲೆ ಅಲ್ಲ, ವಾಯರು ಕಾಯಲೆ’ ಎಂದ. ಆಮೇಲೆ ನನ್ನದೇ ಅಡಿಕೆ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದು ತೋರಿಸಿದ. ಕರೆಂಟು ಹೋಗಿ ಬರಬೇಕಾದ್ದರಿಂದ 100 ಮೀಟರು ಕೇಬಲ್ಲೆಂದರೆ 200 ಮೀಟರು ತಾಮ್ರ. ಅಂಗಡಿಯವರು ಒಂದು ಎಂಎಂ ಎನ್ನುವ, ಅಂದರೆ ಅಡ್ಡಕೊಯ್ತ ಒಂದು ಚದರ ಮಿಲಿಮೀಟರ್ ಇರುವ ಎಳೆಗೆ ಅದರ ಪ್ರತಿರೋಧ ಮೂರೂವರೆ ಓಮಿಗೂ ಹೆಚ್ಚು. ಮೋಟಾರು ಓಡುವಾಗ ಎಳೆಯುವ ಸುಮಾರು 7 ಆಂಪಿಯರಿಗೆ 25 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಏಳುವ ಕ್ಷಣದಲ್ಲಿ ಅದು ಮೂರು ಪಟ್ಟಿಗೂ ಹೆಚ್ಚು ಎಳೆಯುವುದರಿಂದ ನಷ್ಟ 80 ವೋಲ್ಟ್ ದಾಟುತ್ತದೆ. ಸಂಜೆಯ ಕುಗ್ಗಿದ ವೋಲ್ಟೇಜಿನಲ್ಲಿ ಇಷ್ಟನ್ನು ಕಳೆದರೆ ಮೋಟಾರು ಏಳಲಾರದೆ ಗುಂಯ್‌ಗುಟ್ಟುತ್ತಾ ಆ ಹೆಚ್ಚಿನ ಕರೆಂಟನ್ನು ಎಳೆಯುತ್ತಲೇ ಇರುತ್ತದೆ. ಟೆಸ್ಟರ್ ದೀಪಕ್ಕೆ ಬೇಕಾದ ಕರೆಂಟು ಅತ್ಯಲ್ಪವಾದ್ದರಿಂದ ಅದರೆದುರು ವಾಯರು ಏನನ್ನೂ ಕಳೆದುಕೊಳ್ಳುವುದಿಲ್ಲ. ಅಂಗಡಿಯಲ್ಲಂತೂ ವಾಯರಿನ ಉದ್ದವೇ ಎರಡು ಮಾರು.

‘ಹಾಗಾದರೆ ಬೆಕ್ಕು?’ ಎಂದು ಆಯಿ ಒಳಗಿನಿಂದ ಕೇಳಿದಳು. ಹುಡುಗ ಅದಕ್ಕೂ ಲೆಕ್ಕ ಮಾಡಿದ. ಬೆಳಿಗ್ಗೆ ಮೋಟಾರು ಓಡುವಾಗ ಕುರ್ಚಿಯ ಮೇಲಿನ ಸುರುಳಿಯೊಂದೇ 60 ವ್ಯಾಟಿನ ಹಳೆಯ ಬಲ್ಬಿನಷ್ಟು ಶಾಖ ಕೊಡುತ್ತಿತ್ತು. ಬಿಡಿಸಿಟ್ಟ ವಾಯರಿಗೆ ಗಾಳಿಯಾಡುತ್ತದೆ, ಸುತ್ತಿಟ್ಟದ್ದಕ್ಕೆ ಆಡುವುದಿಲ್ಲ. ಕರೆಂಟು ಮೂರು ಪಟ್ಟಾದರೆ ಶಾಖ ಏರುವುದು ಮೂರು ಪಟ್ಟಲ್ಲ, ಒಂಬತ್ತು ಪಟ್ಟು. ಅಂದು ಸಂಜೆ ಬೆಕ್ಕು ಮಲಗಿದ್ದು ಹೆಚ್ಚುಕಡಿಮೆ ಇಸ್ತ್ರಿಪೆಟ್ಟಿಗೆಯ ಮೇಲೆ.

ಈಗ ನಾಲ್ಕು ಎಂಎಂ ಕೇಬಲ್ಲು ಅಳತೆಗೆ ಸರಿಯಾಗಿ ಕತ್ತರಿಸಿಕೊಂಡು ಬಾವಿಗೆ ಹೋಗಿದೆ, ದಾರಿಯ ನಷ್ಟ 5 ವೋಲ್ಟಿನೊಳಗಿದೆ, ಎಂಸಿಬಿ 16ಕ್ಕೆ ಇಳಿದಿದೆ. ಮೊದಲ ದಿನ ಬೆಳಿಗ್ಗೆ ಮೋಟಾರಿನ ಸದ್ದು ಕೇಳಿದೊಡನೆ ಬೆಕ್ಕು ಕುರ್ಚಿಯೇರಿ, ಎರಡು ಸುತ್ತು ಮೂಸಿ, ಬೋರ್ಡಿನಿಂದ ಇಳಿದ ಹೊಸ ಕೇಬಲ್ಲಿಗೆ ಕೆನ್ನೆಯೊತ್ತಿ ನೋಡಿತು. ಅದು ತಣ್ಣಗಿತ್ತು. ನನ್ನ ಕಡೆಗೊಮ್ಮೆ ದಿಟ್ಟಿಸಿ, ಬಚ್ಚಲೊಲೆಯತ್ತ ನಡೆಯಿತು.