ಉಬರ್ ಮೀನಿಗೂ ಒಂದು ಲೆಕ್ಕ ಬೇಕು

ಉಡುಪಿಯವರಿಗೆ ಮೀನಿನ ಪಾಠ ಹೇಳಲು ಹೊರಗಿನವರು ಬೇಕಾಗಿಲ್ಲ, ಒಪ್ಪಿದೆ. ನಾನೂ ಸ್ವರ್ಣಾ ನದಿಯ ಬದಿಯಲ್ಲೇ ಬೆಳೆದವನು. ಆದರೂ ಹೊಳೆ ಮೀನಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೊದಲ ಮಳೆಗೆ ಹೊಳೆಯಿಂದ ಮೇಲೆ ಹತ್ತುವ ಮೀನನ್ನು, ನಾವು ಉಬರ್ ಮೀನು ಅನ್ನುವುದನ್ನು, ಸಿಕ್ಕಷ್ಟೂ ಬಾಚಿಕೊಳ್ಳುವುದು ನಿಲ್ಲಬೇಕು.

ನಾನೀಗ ಇರುವುದು ಕ್ಯಾಲಿಫೋರ್ನಿಯಾದಲ್ಲಿ. ಬೇಸಿಗೆ ಬಂತೆಂದರೆ ನಾವು ಕೆಲವು ಗೆಳೆಯರು ಡೇರೆ ಹೊತ್ತುಕೊಂಡು ಸಿಯೆರಾ ನೆವಾಡಾ ಬೆಟ್ಟ ಹತ್ತುತ್ತೇವೆ. ಬಿಷಪ್ ಪೇಟೆಯ ಮೇಲಿನ ಸರೋವರಗಳಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕುವುದೇ ಕೆಲಸ. ಅಲ್ಲಿ 10,000 ಅಡಿಗಿಂತ ಎತ್ತರ, ಬೇಸಿಗೆಯಲ್ಲೂ ನೀರಿಗೆ ಕಾಲಿಟ್ಟರೆ ಜೋಮು ಹಿಡಿಯುತ್ತದೆ. ಡೇರೆಯನ್ನು ನೀರಿನಿಂದ ದೂರ ಹಾಕಬೇಕು. ತಿನ್ನುವ ಸಾಮಾನೆಲ್ಲ ಕರಡಿಗೆ ತೆರೆಯಲು ಬಾರದ ಗಟ್ಟಿ ಡಬ್ಬಿಯೊಳಗೆ ಇರಬೇಕು. ಹಲವು ಕಡೆ ಕಟ್ಟಿಗೆಯ ಬೆಂಕಿ ಹಾಕುವ ಹಾಗಿಲ್ಲ, ಸಣ್ಣ ಗ್ಯಾಸ್ ಒಲೆಯೇ ಗತಿ. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಕುಚ್ಚಲಕ್ಕಿ ಬೇಯುವ ಆಸೆ ಬೇಡ. ಹೋಗುವವರು ಅವಲಕ್ಕಿ ಒಯ್ಯಿರಿ.

16 ವರ್ಷ ತುಂಬಿದ ಎಲ್ಲರಿಗೂ ಗಾಳ ಹಾಕಲು ಲೈಸೆನ್ಸ್ ಬೇಕು. ಹೆಚ್ಚಿನ ಸರೋವರಗಳಲ್ಲಿ ಒಬ್ಬರಿಗೆ ದಿನಕ್ಕೆ 5 ಟ್ರೌಟ್, ಅಷ್ಟೇ. ಸಂಜೆ ಹುಳ ಹಿಡಿಯಲು ಮೀನು ಮೇಲೆ ಬರುವ ಹೊತ್ತಿಗೆ ಸುತ್ತ ಒಬ್ಬ ನರಪಿಳ್ಳೆ ಇರುವುದಿಲ್ಲ, ಹತ್ತು ಹಿಡಿದರೂ ಕೇಳುವವರಿಲ್ಲ. ಆದರೂ ಹಿಡಿಯುವುದಿಲ್ಲ. ನನಗೆ ಗಾಳ ಕಲಿಸಿದ ಅಲ್ಲಿನ ಹಿರಿಯರೊಬ್ಬರು ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳುತ್ತಾರೆ. ಒಣ ಕೈಯಲ್ಲಿ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಆಮೇಲೆ ಆ ಮೀನಿಗೆ ರೋಗ ಹತ್ತುತ್ತದೆ. ನೀರಿನೊಳಗೇ ಕೊಕ್ಕೆ ಬಿಡಿಸಿ, ಅದು ತಾನಾಗಿ ಬಾಲ ಬೀಸಿ ಹೋಗುವ ತನಕ ಕೈ ಕೊಟ್ಟು ನಿಲ್ಲುತ್ತಾರೆ. ತಿನ್ನಲು ಇಟ್ಟುಕೊಂಡದ್ದಕ್ಕೆ ನಾನು ಊರಿನ ಮೆಣಸು, ಹುಳಿ, ಅರಶಿನ ಹಚ್ಚಿ ಕಾಯಿಸುತ್ತೇನೆ. ರುಚಿಯಲ್ಲಿ ನಮ್ಮ ಕಾಣೆ ಮೀನಿಗೆ ಸಮ ಅಲ್ಲ, ಆದರೆ ಆ ಚಳಿಗೆ ಭಾರೀ ಒಳ್ಳೆಯದಾಗುತ್ತದೆ.

ಅಲ್ಲಿಯದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಆ ಎತ್ತರದ ಸರೋವರಗಳಲ್ಲಿ ಹೆಚ್ಚಿನವುಗಳಲ್ಲಿ ಮೊದಲು ಮೀನೇ ಇರಲಿಲ್ಲ. ಜನ ಹೊತ್ತು ತಂದು ಬಿಟ್ಟರು, ಆಮೇಲೆ ವಿಮಾನದಿಂದಲೂ ಮರಿ ಸುರಿದರು. ಟ್ರೌಟ್ ಅಲ್ಲಿನ ಹಳದಿ ಕಾಲಿನ ಕಪ್ಪೆಯ ಮರಿಗಳನ್ನು ತಿಂದು ಮುಗಿಸಿತು, ಜೊತೆಗೆ ಒಂದು ಶಿಲೀಂಧ್ರ ರೋಗವೂ ಸೇರಿಕೊಂಡಿತು. 2014ರಲ್ಲಿ ಆ ಕಪ್ಪೆ ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಈಗ ಕೆಲವು ಸರೋವರಗಳಲ್ಲಿ ಬಲೆ ಹಾಕಿ ಟ್ರೌಟ್ ತೆಗೆಯುತ್ತಿದ್ದಾರೆ, ತೆಗೆದ ಕಡೆ ಕಪ್ಪೆ ಹೆಚ್ಚಾಗಿದೆ ಕೂಡ.

ನಮ್ಮಲ್ಲಿ ಏನು ಕಮ್ಮಿ ಇದೆ ಹೇಳಿ? ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಬದಿಯ ಕಪಿಲಾ ನದಿಯ ದೇವರ ಮೀನಿಗೆ ಯಾರೂ ಗಾಳ ಹಾಕುವುದಿಲ್ಲ, ಅದಕ್ಕೆ ಯಾವ ಲೈಸೆನ್ಸೂ ಬೇಕಾಗಿಲ್ಲ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವಕ್ಕೆ ಸ್ಮಾರಕವನ್ನೇ ಕಟ್ಟಿದರು. ಜೂನ್ 1ರಿಂದ ಜುಲೈ 31ರ ತನಕ ಮಲ್ಪೆ, ಮಂಗಳೂರಿನಲ್ಲಿ ಟ್ರಾಲ್ ಬೋಟು ಕಡಲಿಗೆ ಇಳಿಯುವುದಿಲ್ಲ. ಮೀನು ಮೊಟ್ಟೆ ಇಡುವ ಕಾಲ ಅಂತ ಎಲ್ಲರೂ ಬಲ್ಲರು.

ಅದೇ ಜೂನ್‌ನಲ್ಲಿ ಹೊಳೆಯ ಕಡೆ ನೋಡಿ. ಮುಗುಡು ಮತ್ತಿತರ ಮೀನು ಹೊಟ್ಟೆ ತುಂಬ ಮೊಟ್ಟೆ ಹೊತ್ತು ತೋಡು (ಸಣ್ಣ ತೊರೆ) ಹತ್ತಿ ಗದ್ದೆಗೆ ಬರುವಾಗ ನಾವು ಕತ್ತಿ, ಬಲೆ, ಟಾರ್ಚು ಹಿಡಿದು ಕಾದಿರುತ್ತೇವೆ. ಕಳೆದ ಸಲ ಊರಿಗೆ ಹೋದಾಗ ಇದನ್ನು ಮಾವನ ಹತ್ತಿರ ಎತ್ತಿದೆ. "ಅಜ್ಜನ ಕಾಲದಿಂದ ಹಿಡಿಯುವುದು ಮಾರಾಯ, ಮುಗಿದು ಹೋಯಿತಾ?" ಅಂದರು. ಅಜ್ಜನ ಕಾಲದಲ್ಲಿ ತೆಂಗಿನ ಗರಿಯ ದೊಂದಿ ಇತ್ತು ಮಾವ, ನೈಲಾನ್ ಬಲೆ ಇರಲಿಲ್ಲ ಅಂದೆ. ಈಗ ತೋಡಿನ ಈ ದಡದಿಂದ ಆ ದಡಕ್ಕೆ ಬಲೆ ಕಟ್ಟುತ್ತಾರೆ. ಒಂದೂ ಮೇಲೆ ದಾಟುವುದಿಲ್ಲ. ಬೇಸಿಗೆಯಲ್ಲಿ ಹೊಳೆಯ ಗುಂಡಿಗೆ ತೋಟೆ (ಸಿಡಿಮದ್ದು) ಹಾಕುವವರ ಸುದ್ದಿ ಬೇರೆಯೇ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಲ್ಲೇ ತೋಟೆ, ವಿಷ ಎರಡೂ ಅಪರಾಧ, ಆದರೂ ನಿಂತಿಲ್ಲ ಅಲ್ವಾ?

ಉಬರ್ ಮೀನು ಹಿಡಿಯುವ ಖುಷಿ ನನಗೆ ಗೊತ್ತಿಲ್ಲದ್ದಲ್ಲ, ಪೂರ್ತಿ ಬಿಡಿ ಅಂತಲೂ ಹೇಳುವುದಿಲ್ಲ. ತೋಡಿಗೆ ಅಡ್ಡ ಬಲೆ ಕಟ್ಟುವುದು ಬೇಡ, ಕೈಗೆ ಸಿಕ್ಕ ಮೊಟ್ಟೆಯ ಮೀನನ್ನು ಮೇಲೆ ಬಿಡಿ, ಮನೆಗೆ ಒಂದು ಹೊತ್ತಿನ ಸಾರಿಗೆ ಆಗುವಷ್ಟು ಸಾಕು. ಮಳೆಗಾಲ ಶುರುವಾಗುವ ಮೊದಲೇ ಊರ ಭಜನಾ ಮಂಡಳಿಯಲ್ಲೋ ಗ್ರಾಮಸಭೆಯಲ್ಲೋ ಕೂತು ಇಷ್ಟನ್ನು ತೀರ್ಮಾನ ಮಾಡಲಿಕ್ಕೆ ಆಗುತ್ತದೆ. ಮಾವ ಈ ವರ್ಷ ಮಾತೆತ್ತುತ್ತೇನೆ ಅಂದಿದ್ದಾರೆ.