ಪಾಠ ಗೋಡೆಯ ಮೇಲಿರಲಿ, ಮನೆಯ ಮೊಬೈಲಿಗೆ ಹೋಗದಿರಲಿ

ಚಳ್ಳಕೆರೆ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ತರಗತಿಯಲ್ಲಿ ಪ್ರೊಜೆಕ್ಟರ್ ಬಳಸತೊಡಗಿ ಆರು ವರ್ಷಗಳಾದವು. ತರಗತಿಗೊಂದು ವಾಟ್ಸಾಪ್ ಗುಂಪು ಮಾಡಿದ್ದೂ ಹೆಚ್ಚುಕಡಿಮೆ ಆಗಲೇ. ಇವೆರಡನ್ನೂ ನಾವು ಡಿಜಿಟಲ್ ಕಲಿಕೆ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ನಾನು ಕಂಡಂತೆ ಮೊದಲನೆಯದು ನನ್ನ ಪಾಠವನ್ನು ಬೆಳೆಸಿತು, ಎರಡನೆಯದು ಕೆಲವು ಮಕ್ಕಳನ್ನು ಪಾಠದಿಂದಲೇ ಹೊರಗಿಟ್ಟಿತು. ಇದನ್ನು ಸಹಶಿಕ್ಷಕರ ಮುಂದೆ ಸ್ವಲ್ಪ ವಿವರವಾಗಿ ಇಡಬೇಕೆಂದು ಬಹಳ ದಿನಗಳಿಂದ ಅನ್ನಿಸುತ್ತಿದೆ.

ಎಂಟನೆಯ ತರಗತಿಯ ಇತಿಹಾಸದಲ್ಲಿ ಮೌರ್ಯರ ಪಾಠವಿದೆ. ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ ಎಂಬುದನ್ನೂ, ಶಾಸನತಜ್ಞ ಬಿ.ಎಲ್. ರೈಸ್ ಅವರು 1892ರಲ್ಲಿ ಅವುಗಳನ್ನು ಬೆಳಕಿಗೆ ತಂದರು ಎಂಬುದನ್ನೂ ನಮ್ಮ ಮಕ್ಕಳು ಒಂದು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನವೇ ಮರೆಯುತ್ತಿದ್ದರು. ಒಂದು ವರ್ಷ ಶಾಸನದ ಅಚ್ಚುಪ್ರತಿಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಮೂಡಿಸಿ, ಆ ಶಾಸನದ ಲಿಪಿಯಾದ ಬ್ರಾಹ್ಮಿಯ 'ಕ' ಅಕ್ಷರ ಗಣಿತದ ಕೂಡುವ ಚಿಹ್ನೆಯ ಹಾಗಿರುತ್ತದೆ, ಎಲ್ಲಿದೆ ಹುಡುಕಿ ಎಂದೆ. ಹಿಂದಿನ ಬೆಂಚಿನಲ್ಲಿ ಕೂತವರು ತಾವಾಗಿಯೇ ಎದ್ದು ಬಂದು ಗೋಡೆಗೆ ಬೆರಳಿಟ್ಟರು. ಎರಡು ಸಾವಿರ ವರ್ಷ ದಾಟಿದ ಆ ಅಕ್ಷರ ಹುಡುಗನೊಬ್ಬನ ಅಂಗೈ ಹಿಂಭಾಗದ ಮೇಲೆ ಬೆಳಕಾಗಿ ಬಿದ್ದಿತ್ತು. ಆಮೇಲೆ ಕೊನೆಯ ಸಾಲನ್ನು ಹಿಗ್ಗಿಸಿ ತೋರಿಸಿದೆ. ಶಾಸನವನ್ನು ಬರೆದ ಚಪಡ ಎಂಬವನು ತನ್ನ ಹೆಸರಿನ ಜತೆಗಿನ 'ಲಿಪಿಕರೇಣ' (ಲಿಪಿಕಾರನಿಂದ) ಎಂಬ ಪದವೊಂದನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ, ಉಪಖಂಡದ ವಾಯವ್ಯ ಭಾಗದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ವರ್ಷದಲ್ಲಿ ಅರ್ಧ ಕಾಲ ಕುರಿಮಂದೆಯ ಹಿಂದೆ ಊರೂರು ಸುತ್ತುವ ತಂದೆತಾಯಿಯ ಮಗನೊಬ್ಬ ಆಗ, "ಮೇಡಂ, ಅಷ್ಟು ದೂರ ಬಂದ್ರೂ ಅವ್ನು ತನ್ ಕಡೆ ಅಕ್ಷರ ಬಿಟ್ಟಿರ್ಲಿಲ್ಲ ಅಲ್ವಾ?" ಎಂದು ಕೇಳಿದ. ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ಮೌರ್ಯರ ಪಾಠದಲ್ಲಿ ಅಂಥ ಪ್ರಶ್ನೆ ಬಂದದ್ದು ಅದೇ ಮೊದಲು.

ನಾವು ಮಾರಿಕಣಿವೆ ಎಂದೂ ಕರೆಯುವ ವಾಣಿವಿಲಾಸ ಸಾಗರ ಜಲಾಶಯವನ್ನೂ ಹೀಗೆಯೇ ಕಲಿಸಿದೆ. 1907ರಲ್ಲಿ ಪೂರ್ಣಗೊಂಡ ನಮ್ಮ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ಗೂಗಲ್ ಅರ್ಥ್‌ನಲ್ಲಿ 1984ರಿಂದೀಚಿನ ಉಪಗ್ರಹ ಚಿತ್ರಗಳನ್ನು ವರ್ಷ ವರ್ಷವಾಗಿ ಓಡಿಸಿದಾಗ ಗುಡ್ಡಗಳ ನಡುವಿನ ನೀರು ಕುಗ್ಗುವುದನ್ನೂ ಹಿಗ್ಗುವುದನ್ನೂ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಬರದ ವರ್ಷಗಳಲ್ಲಿ ಮನೆಯಲ್ಲಿ ಏನೇನಾಯಿತೆಂದು ಅಜ್ಜಿಯರನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದು ತಂದರು.

ಈ ಪಾಠಗಳು ಒದಗಿ ಬಂದುದಕ್ಕೆ ಕಾರಣ ಪ್ರೊಜೆಕ್ಟರ್ ಒಂದೇ ಎಂದು ನಾನು ಹೇಳಲಾರೆ. ಪರದೆ ಒಂದೇ ಇತ್ತು, ಎಲ್ಲರೂ ಅದನ್ನೇ ನೋಡುತ್ತಿದ್ದರು, ಯಾವ ಮಗುವಿನ ಮುಖದಲ್ಲಿ ಗೊಂದಲ ಕಂಡರೂ ಅಲ್ಲಿಯೇ ನಿಲ್ಲಿಸಿ ಮಾತಾಡಲು ನಾನಿದ್ದೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ತೆರೆಯುವ, ದೀಕ್ಷಾ ಎಂಬ ಸರ್ಕಾರಿ ಕಲಿಕಾ ತಾಣದ ವಿಡಿಯೊಗಳಿಗೂ ಇದೇ ಮಾತು ಸಲ್ಲುತ್ತದೆ. ನಮ್ಮಲ್ಲಿ ನೆಟ್‌ವರ್ಕ್ ನಂಬುವಂತಿಲ್ಲವಾದ್ದರಿಂದ ಅವನ್ನು ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಂಡು, ಎರಡೆರಡು ನಿಮಿಷಕ್ಕೊಮ್ಮೆ ತಡೆದು, ಮುಂದೇನಾಗಬಹುದು ಎಂದು ಮಕ್ಕಳನ್ನು ಕೇಳಿದರೆ ಮಾತ್ರ ಅವು ಪಾಠವಾಗುತ್ತವೆ.

ಇನ್ನು ವಾಟ್ಸಾಪ್ ಗುಂಪಿನ ವಿಷಯ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಅದು ಬೇಕೇ ಆಗಿತ್ತು. ಚಂದನ ವಾಹಿನಿಯ ಪಾಠಗಳ ಸಮಯವನ್ನು ತಿಳಿಸುವುದಕ್ಕೂ ನಮಗೆ ಬೇರೆ ದಾರಿ ಇರಲಿಲ್ಲ. ಶಾಲೆ ತೆರೆದ ಮೇಲೂ ಆ ಅಭ್ಯಾಸ ಉಳಿದುಕೊಂಡಿತು. ಸಂಜೆ ತರಗತಿ ಬಿಡುವ ಮುನ್ನ ಕಪ್ಪುಹಲಗೆಯ ಮೇಲೆ ಬರೆಯಬೇಕಾಗಿದ್ದ ಹೋಂವರ್ಕನ್ನು ನಾನು ರಾತ್ರಿ ಊಟವಾದ ಮೇಲೆ ಗುಂಪಿಗೆ ಕಳಿಸತೊಡಗಿದೆ. ಮೂರು ವಾರ ಒಬ್ಬ ಹುಡುಗಿ ಒಂದು ದಿನವೂ ಹೋಂವರ್ಕ್ ಮಾಡಿ ತರಲಿಲ್ಲ. ಕಾರಣ ಕೇಳದೆ ನಾನು ಅವಳನ್ನು ಎದ್ದು ನಿಲ್ಲಿಸುತ್ತಿದ್ದೆ, ಅವಳು ತಲೆ ತಗ್ಗಿಸಿ ನಿಂತಿರುತ್ತಿದ್ದಳು. ಕೊನೆಗೆ ಅವಳ ತಾಯಿ ಶಾಲೆಗೆ ಬಂದು, "ಮೇಡಂ, ಮನೇಲಿರೋದು ಒಂದೇ ಫೋನು, ಅದು ಅವರಪ್ಪನ ಜತೆ ರಾತ್ರಿ ಪಾಳಿಗೆ ಎಣ್ಣೆ ಗಿರಣಿಗೆ ಹೋಗುತ್ತೆ. ಮಗಳು ಕೇಳಿದ್ರೆ ನಾನು ಏನು ತೋರಿಸ್ಲಿ?" ಎಂದರು. ಆ ದಿನ ತರಗತಿಯಲ್ಲಿ ಎಲ್ಲರೆದುರು ಆ ಹುಡುಗಿಯ ಕ್ಷಮೆ ಕೇಳಿದೆ. ನಾನು ಪಾಠವನ್ನು ಅವಳ ಮನೆಯವರೆಗೆ ಮುಟ್ಟಿಸುತ್ತಿದ್ದೇನೆ ಎಂದುಕೊಂಡಿದ್ದ ಅಷ್ಟೂ ದಿನ ಪಾಠ ಗಿರಣಿಯಲ್ಲಿ ಅವಳ ತಂದೆಯ ಜೇಬಿನಲ್ಲಿತ್ತು.

ಸ್ವಂತ ಮೊಬೈಲ್ ಇರುವ ಮಕ್ಕಳಿಗೂ ಇದರಿಂದ ಒಳಿತಾಗಲಿಲ್ಲ. ಒಬ್ಬರು ಬರೆದ ಉತ್ತರದ ಫೋಟೊ ಗುಂಪಿನಲ್ಲಿ ಬಿದ್ದ ಕೂಡಲೇ ಮೂವತ್ತು ನೋಟ್‌ಬುಕ್ಕುಗಳಲ್ಲಿ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು. ಹೋಂವರ್ಕ್ ನೋಡಲು ತೆರೆದ ಫೋನು ರೀಲ್ಸ್‌ಗಳಿಗೆ ತಿರುಗುವುದಕ್ಕೆ ಎಷ್ಟು ಹೊತ್ತು ಬೇಕು? ಪೋಷಕರ ಸಭೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ ಎಂದು ಬುದ್ಧಿ ಹೇಳುವ ನಾವೇ ರಾತ್ರಿ ಎಂಟಕ್ಕೆ ಅದನ್ನು ಅವರ ಕೈಗೆ ಕೊಡಿಸುತ್ತಿದ್ದೆವು. ಶಿಕ್ಷಕರು ತಮ್ಮೊಳಗೆ ಪ್ರಶ್ನೆಪತ್ರಿಕೆ, ನಕ್ಷೆ, ಪಾಠದ ಯೋಜನೆಗಳನ್ನು ಹಂಚಿಕೊಳ್ಳುವ ಗುಂಪುಗಳ ಮಾತು ಬೇರೆ. ಅವುಗಳಿಂದ ನಾನು ಬಹಳ ಕಲಿತಿದ್ದೇನೆ.

ಇದಕ್ಕಿಂತಲೂ ನನ್ನನ್ನು ನೋಯಿಸುವುದು ತರಗತಿಯ ವಿಡಿಯೊಗಳು. ತೊದಲುವ ಮಗುವಿನ ಬಾಯಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ಹೇಳಿಸಿ, ಅದು ತಪ್ಪಿದಾಗಲೆಲ್ಲ ನಗುತ್ತ ಚಿತ್ರೀಕರಿಸಿ ಹರಿಬಿಡುವವರಲ್ಲಿ ನಮ್ಮ ವೃತ್ತಿಯವರೂ ಇದ್ದಾರೆ. ತರಗತಿ ಎಂದರೆ ಮಗು ನಿರ್ಭಯವಾಗಿ ತಪ್ಪು ಮಾಡಬಹುದಾದ ಜಾಗ. ಆ ತಪ್ಪನ್ನು ಇಡೀ ರಾಜ್ಯ ನೋಡುವಂತೆ ಮಾಡಿದ ಮೇಲೆ ಆ ಮಗು ಮತ್ತೊಮ್ಮೆ ಬಾಯಿ ತೆರೆದು ಓದುವುದಾದರೂ ಹೇಗೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆ ಬರುವ ಮೊದಲೇ ನಮಗೆ ಇದು ಹೊಳೆಯಬೇಕಿತ್ತು.

ಈ ವರ್ಷ ಜೂನ್‌ನಿಂದ ನಮ್ಮ ಗುಂಪಿನಲ್ಲಿ ರಜೆ, ಸಭೆ, ಪರೀಕ್ಷೆಯ ವೇಳಾಪಟ್ಟಿ ಇಷ್ಟೇ ಬರುತ್ತವೆ, ಅದನ್ನೂ ಮರುದಿನ ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಓದಿ ಹೇಳುತ್ತೇವೆ. ಹೋಂವರ್ಕ್ ಸಂಜೆ ಬಿಡುವ ಗಂಟೆಗೆ ಹತ್ತು ನಿಮಿಷ ಮೊದಲೇ ಹಲಗೆಯ ಮೇಲಿರುತ್ತದೆ. ಶಾಲೆಯ ಪುಟಕ್ಕೆ ಫೋಟೊ ಹಾಕುವುದಿದ್ದರೆ ಮಕ್ಕಳ ಮುಖ ಬಿಟ್ಟು ಅವರು ಬರೆದ ಹಾಳೆ, ಮಾಡಿದ ಮಾದರಿಗಳನ್ನು ಹಾಕುತ್ತೇವೆ. ಕಳೆದ ವಾರ ಹಾಕಿದ ಫೋಟೊದಲ್ಲಿ ಆ ಗಿರಣಿ ಕೆಲಸಗಾರರ ಮಗಳ ನೋಟ್‌ಬುಕ್ ಇದೆ. ಅವಳು ತನ್ನ ತಂದೆಯ ಹೆಸರನ್ನು ಬ್ರಾಹ್ಮಿಯಲ್ಲಿ ಬರೆದಿದ್ದಾಳೆ. ಹಾಕುವ ಮೊದಲು ಅವಳನ್ನೂ ಅವಳ ತಾಯಿಯನ್ನೂ ಕೇಳಿದ್ದೆ.