ಮೂರು ನಿಮಿಷ

"ಮಾಮ, ಹಿಂದೆ ನಿಂತ್ಕೋಬೇಡಿ."

ಬೆಳಿಗ್ಗೆಯಿಂದ ಇದು ಏಳನೇ ಸಲ. ಗಾಲ್ಫಿನಲ್ಲಿ ಆಟಗಾರ ಹೊಡೆಯಲು ಕಾಲೂರಿದಾಗ ಕ್ಯಾಡಿ, ಅಂದರೆ ಬ್ಯಾಗ್ ಹೊರುವವನು, ಅವನ ಬೆನ್ನ ಹಿಂದೆ, ಗುರಿಯ ನೇರಕ್ಕೆ ನಿಲ್ಲಬಾರದಂತೆ. 2019ರಲ್ಲಿ ಬಂದ ನಿಯಮ. ಪಕ್ಕಕ್ಕೆ ನಿಂತರೆ ನೆರಳು ಬೀಳುತ್ತದೆ. ಮುಂದೆ ನಿಂತರೆ ತಲೆ ಉಳಿಯುವುದಿಲ್ಲ. 14 ಕೋಲುಗಳ ಬ್ಯಾಗ್ ಹೊತ್ತುಕೊಂಡು ಇನ್ನೆಲ್ಲಿ ನಿಲ್ಲಲಿ, ನಂದಿ ಬೆಟ್ಟದ ನೆತ್ತಿಯ ಮೇಲಾ?

ಇದೆಲ್ಲ ನನ್ನ ತಂಗಿಯ ಕೆಲಸ. ಮಗನದು ಅಮೆಚೂರ್ ಚಾಂಪಿಯನ್‌ಶಿಪ್, ನಮ್ಮ ಚಿಕ್ಕಬಳ್ಳಾಪುರದ ಕಡೆಯೇ, ನೀನು ಬ್ಯಾಗ್ ಹೊತ್ತರೆ ಆಯ್ತು ಅಂದಳು. "ಟೋಕಿಯೊ ಒಲಿಂಪಿಕ್ಸ್ ಗಾಲ್ಫಲ್ಲಿ ಅದಿತಿ ಅಶೋಕ್ ನಾಲ್ಕನೇ ಸ್ಥಾನ ಬಂದಾಗ ಬ್ಯಾಗ್ ಹೊತ್ತಿದ್ದು ಅವರಮ್ಮ. ನಿನಗೇನು ದಾಡಿ?" ಹಾಗಾದ್ರೆ ಅಮ್ಮನಾದ ನೀನೇ ಹೊರು ಅನ್ನಬೇಕಿತ್ತು. ಆಗ ಹೊಳೆಯಲಿಲ್ಲ.

ಹೆಸರಿಗೆ ಹವ್ಯಾಸಿಗಳು. ಮುಖ ನೋಡಿದರೆ ಒಬ್ಬೊಬ್ಬರೂ ಸಿವಿಲ್ ಕೋರ್ಟಿನಲ್ಲಿ ಜಮೀನು ಕೇಸು ನಡೆಸುತ್ತಿರುವವರ ಹಾಗೆ. ಚೆಂಡು ಬೀಳಬೇಕಾದ ಕುಳಿಯ ಅಗಲ 108 ಮಿಲಿಮೀಟರ್ ಅಂತ ಹುಡುಗ ಹೇಳಿದ. 108 ಅಂದ ಕೂಡಲೇ ನನಗೆ ಅಷ್ಟೋತ್ತರ ನೆನಪಾಯಿತು, ಮಧ್ಯಾಹ್ನದ ಬಿಸಿಲಿಗೆ ಆಂಬುಲೆನ್ಸ್ ನೆನಪಾಯಿತು. ಇನ್ನು ಆ ಹುಲ್ಲು! ಸಾವಿರ ಅಡಿ ಕೊರೆಸಿದರೂ ಬರೀ ಧೂಳು ಬರುವ ಸೀಮೆಯಲ್ಲಿ ಅಷ್ಟು ಹಸಿರು ಹುಲ್ಲಿನ ಮೇಲೆ ಕಾಲಿಡಲು ನನಗಂತೂ ಕಸಿವಿಸಿ. ಯಾರೂ ಮಾತಾಡಬಾರದು ಅಂತ ಬೇರೆ ಕಟ್ಟಳೆ, ಅದಕ್ಕೇ ಸುಮ್ನಿದ್ದೆ.

ಒಂಬತ್ತನೇ ಕುಳಿಯ ಹತ್ತಿರ ಹುಡುಗನ ಚೆಂಡು ಪೊದೆಗೆ ಹೋಯಿತು. ಹುಡುಕಲು 3 ನಿಮಿಷ ಟೈಮು. ಮೊದಲು 5 ಇತ್ತಂತೆ, ಅದನ್ನೂ 2019ರಲ್ಲೇ ಕಿತ್ತುಕೊಂಡಿದ್ದಾರೆ.

ಮೂರು ನಿಮಿಷ! ನಮ್ಮಜ್ಜಿಯ ಮೂಗುಬಟ್ಟು ರಾಗಿ ಕಣದಲ್ಲಿ ಬಿದ್ದಾಗ ಮೂರು ದಿನ ಹುಡುಕಿದ್ದೆವು. ಇಡೀ ರಾಶಿಯನ್ನು ಮೊರದಲ್ಲಿ ಕೇರಿ, ಜರಡಿ ಹಿಡಿದು, ಮತ್ತೆ ಕೇರಿದ್ದಾಯಿತು. ಎರಡನೇ ದಿನ ಅಜ್ಜಿಗೆ ಕೋಳಿಗಳ ಮೇಲೆ ಅನುಮಾನ ಬಂತು. ಒಂದನ್ನು ಕೊಯ್ದು ನೋಡಿದರು, ಇಲ್ಲ. ಸಾರು ಮಾಡಿ ಮುದ್ದೆಯ ಜೊತೆ ತಿಂದೆವು. ಮಾರನೇ ದಿನ ಇನ್ನೆರಡು. ಮಕ್ಕಳಾದ ನಾವು ನಾಲ್ಕನೇ ಕೋಳಿಯ ನಡಿಗೆಯೂ ಯಾಕೋ ಸರಿಯಿಲ್ಲ ಅಂತ ಅಜ್ಜಿಯ ಕಿವಿಯಲ್ಲಿ ಊದಿದೆವು. ತಾತ ಗದರಿಸಿ ನಿಲ್ಲಿಸಿದರು. ಮೂಗುಬಟ್ಟು ಸಿಗಲೇ ಇಲ್ಲ. ಆರು ತಿಂಗಳಿಗೆ ಪಕ್ಕದ ಮನೆಯವರು ಹೊಸ ಸೈಕಲ್ ತಂದರು. ಅಜ್ಜಿ ಸಾಯುವ ತನಕ, "ನೋಡು, ನನ್ನ ಮೂಗುಬಟ್ಟು ಸಂತೆಗೆ ಹೊರಟಿತು" ಅನ್ನುತ್ತಿದ್ದಳು. ಆ ಸೈಕಲ್ಲಿಗೆ ತುಕ್ಕು ಹಿಡಿದಾಗ ಮಾತ್ರ ಅವಳ ಮುಖದಲ್ಲಿ ಒಂಚೂರು ಕಳೆ ಬಂದಿತ್ತು.

ಏನು ಹೇಳುತ್ತಿದ್ದೆ? ಹಾಂ, ಚೆಂಡು. ಸಿಕ್ಕಿತು, ನನಗೇ ಸಿಕ್ಕಿತು, ಪೊದೆಯ ಬುಡದಲ್ಲಿ. ಕೈಯೆಲ್ಲ ತರಚಿತ್ತು. ಗೆದ್ದವನ ಹಾಗೆ ಎದ್ದು ನಿಂತರೆ ಹುಡುಗ ಗಡಿಯಾರ ತೋರಿಸಿದ. ನಾಲ್ಕನೇ ನಿಮಿಷ. "ಅದು ಕಳೆದುಹೋದ ಹಾಗೇ, ಮಾಮ." ಒಂದು ಹೊಡೆತದ ದಂಡ ಬೇರೆ ತೆತ್ತು, ಮೊದಲು ಹೊಡೆದ ಜಾಗಕ್ಕೇ ವಾಪಸ್ ಹೊರಟ. ಕೈಯಲ್ಲಿ ಹಿಡಿದಿದ್ದೀನಿ ಕಣೋ ಅಂದೆ. ಕೇಳಿಸಿಕೊಳ್ಳಲಿಲ್ಲ. ಬ್ಯಾಗ್ ಎತ್ತಿಕೊಂಡು ನಾನೂ ಹಿಂದೆಯೇ ನಡೆದೆ.

ರಾತ್ರಿ ಫೋನ್ ಮಾಡಿದ್ದ. ಮುಂದಿನ ತಿಂಗಳು ಇನ್ನೊಂದು ಪಂದ್ಯ ಇದೆ, ಬರ್ತೀರಾ ಅಂತ. ಮೊಣಕಾಲು ನೋವು ಕಣೋ, ನೋಡಿಕೊಂಡು ಹೇಳ್ತೀನಿ ಅಂದೆ. ಮೊಣಕಾಲಿಗೆ ಏನೂ ಆಗಿಲ್ಲ.